ಪಾಲಿಶ್ ಹಂತ ಮುಗಿದರೂ ಅಗೇಟ್ ಮಂಕಾಗೇ ಇದೆ, ಅಂಚಲ್ಲಿ ಬಿಳಿ ಗುರುತು

ಭೀಮೆಯ ಹರಳು:
ಅಫಜಲಪುರದ ಕಡೆ ಭೀಮಾ ದಂಡೆಯಲ್ಲಿ ಆರಿಸಿದ ಅಗೇಟ್ (ಬೆಣಚು ಜಾತಿಯ ಪಟ್ಟೆ ಹರಳು) ಕಲ್ಲುಗಳನ್ನು ರೋಟರಿ ಟಂಬ್ಲರಿಗೆ, ಅಂದರೆ ಪುಡಿ-ನೀರಿನ ಜೊತೆ ಕಲ್ಲು ಉರುಳಿಸಿ ನಯ ಮಾಡೋ ಯಂತ್ರಕ್ಕೆ ಹಾಕಿದ್ದೆ. ಡ್ರಮ್ಮು ಒಂದೂವರೆ ಕೆಜಿಯದು. ಮೊದಲು 80 ನಂಬರಿನ ಸಿಲಿಕಾನ್ ಕಾರ್ಬೈಡ್ ಉಜ್ಜುಪುಡಿ (ನಂಬರ್ ಹೆಚ್ಚಾದಷ್ಟೂ ಪುಡಿ ನಯ), ಆಮೇಲೆ 220, ಆಮೇಲೆ 500, ಕೊನೆಗೆ ಅಲ್ಯುಮಿನಿಯಂ ಆಕ್ಸೈಡ್ ಪಾಲಿಶ್ ಪುಡಿ. ಹಂತಕ್ಕೊಂದು ವಾರ. ನೀರಲ್ಲಿದ್ದಾಗ ಜೇನು ಬಣ್ಣ, ಹಾಲು ಬಿಳುಪು, ಕೆಂಪು ಗೆರೆ ಎಲ್ಲ ಎದ್ದು ಕಾಣುತ್ತೆ. ಒರೆಸಿ ಇಟ್ಟರೆ ಸ್ವಲ್ಪ ಹೊತ್ತಿಗೇ ಮಂಕು. ಅಂಚುಗಳಲ್ಲಿ ಬಿಳಿ ಬಿಳಿ ಗುರುತು ಬೇರೆ. ಪಾಲಿಶ್ ಪುಡಿ ಕಳಪೆ ಇರಬಹುದಾ? ಅದರ ಬದಲು ಸೀರಿಯಂ ಆಕ್ಸೈಡ್ ಪಾಲಿಶ್ ಪುಡಿ ತರಿಸೋಣ ಅಂತಿದ್ದೇನೆ. ಬೆಲೆ ಜಾಸ್ತಿ, ಅದಕ್ಕೇ ಮೊದಲು ಕೇಳುತ್ತಿದ್ದೇನೆ. ಫೋಟೋ ಹಾಕಿದ್ದೇನೆ, ಇನ್ನೂ ಡ್ರಮ್ಮಿಗೆ ಹಾಕದ ಕಲ್ಲುಗಳದ್ದೂ ಇದೆ.

ಡ್ರಮ್ ಮಾಸ್ತರ:
ಪುಡಿ ಈಗಲೇ ತರಿಸಬೇಡಿ, ಸ್ವಲ್ಪ ತಡೆಯಿರಿ. ಡ್ರಮ್ಮು ಎಷ್ಟು ತುಂಬಿತ್ತು? ಅಗೇಟ್ ಬಿಟ್ಟು ಬೇರೆ ಕಲ್ಲು ಏನಾದರೂ ಇತ್ತಾ? ಮಂಕು ಇರೋದು ಮೈಯೆಲ್ಲಾನಾ, ಅಂಚು ಮಾತ್ರಾನಾ? ಒಣಗಿದ ಕಲ್ಲನ್ನು ಟ್ಯೂಬ್‌ಲೈಟ್ ಕೆಳಗೆ ಹಿಡಿದು ನೋಡಿ. ಟ್ಯೂಬಿನ ಬಿಂಬದ ಎರಡೂ ಅಂಚು ಸ್ಪಷ್ಟವಾಗಿ ಕಂಡರೆ ಪಾಲಿಶ್ ಆಗಿದೆ. ಬರೀ ಬಿಳಿ ಮಬ್ಬು ಕಂಡರೆ ಆಗಿಲ್ಲ. ಒದ್ದೆ ಕಲ್ಲು ನೋಡಿ ಯಾವತ್ತೂ ತೀರ್ಮಾನ ಮಾಡಬಾರದು, ನೀರು ಎಲ್ಲವನ್ನೂ ಮುಚ್ಚಿಹಾಕುತ್ತೆ.

ಭೀಮೆಯ ಹರಳು:
ಡ್ರಮ್ಮು ಅರ್ಧ ತುಂಬಿತ್ತು. 220 ಆದಮೇಲೆ ಒಡೆದಿದ್ದ ಕೆಲವನ್ನು ತೆಗೆದೆ, ಇನ್ನೂ ಕಮ್ಮಿ ಆಯ್ತು. ಕಪ್ಪು ಕಲ್ಲು ಅಂಟಿಕೊಂಡ ಅಗೇಟ್ ನಾಲ್ಕೈದು ಇದ್ದವು. ಬಿಳಿ, ಅರೆಪಾರದರ್ಶಕ ಹರಳು ಒಂದೆರಡು. ಬೆಣಚು ಅಂತ ಹಾಕಿದ್ದು. ಅವು ಸವೆದು ಬಟಾಣಿ ಗಾತ್ರಕ್ಕೆ ಬಂದಿವೆ. ಟ್ಯೂಬಿನ ಬಿಂಬ ಇಲ್ಲವೇ ಇಲ್ಲ, ಮೈಯೆಲ್ಲ ಮಬ್ಬು. ಅಂಚನ್ನು ಲೆನ್ಸಿನಲ್ಲಿ ನೋಡಿದರೆ ಸಣ್ಣ ಸಣ್ಣ ಅರ್ಧಚಂದ್ರದ ಗೆರೆಗಳು, ಒಂದರ ಮೇಲೊಂದು.

ಡ್ರಮ್ ಮಾಸ್ತರ:
ಹಾಗಾದರೆ ಇದು ಪುಡಿಯ ತಪ್ಪಲ್ಲ. ನಿಮ್ಮದು ಎರಡು ಬೇರೆ ಬೇರೆ ತೊಂದರೆ.

ಮೊದಲು ಅರ್ಧಚಂದ್ರ. ಅದು ಏಟು ಬಿದ್ದ ಗುರುತು. ಡ್ರಮ್ಮು ಖಾಲಿ ಖಾಲಿ ಇದ್ದರೆ ಕಲ್ಲುಗಳು ಜಾರಿಕೊಂಡು ಇಳಿಯಲ್ಲ, ಮೇಲಿಂದ ಬಿದ್ದು ಒಂದಕ್ಕೊಂದು ಬಡಿಯುತ್ತವೆ. ಅಗೇಟ್ ಗಟ್ಟಿ ನಿಜ, ಆದರೆ ಏಟು ಬಿದ್ದ ಜಾಗದಲ್ಲಿ ಮೈಯೊಳಗೇ ಸಣ್ಣ ಬಿರುಕು ಬಿಡುತ್ತೆ. ಪಾಲಿಶ್ ಪುಡಿಗೆ ಅಷ್ಟು ಆಳಕ್ಕೆ ಸವೆಸೋ ಶಕ್ತಿ ಇಲ್ಲ. ಕಲ್ಲನ್ನು 80ಕ್ಕೇ ವಾಪಸ್ ಕಳಿಸಬೇಕು. ಡ್ರಮ್ಮು ಮೂರರಲ್ಲಿ ಎರಡು ಭಾಗದಿಂದ ಮುಕ್ಕಾಲಿನವರೆಗೆ ತುಂಬಿರಬೇಕು. ಕಲ್ಲು ಸಾಲದಿದ್ದರೆ ಸಣ್ಣ ಸೆರಾಮಿಕ್ ತುಂಡುಗಳನ್ನು ಸೇರಿಸಿ. ಪ್ಲಾಸ್ಟಿಕ್ ಗುಂಡೂ ಆಗುತ್ತೆ, ಆದರೆ ಒರಟು ಹಂತದಲ್ಲಿ ಬಳಸಿದ್ದನ್ನು ಪಾಲಿಶಿಗೆ ಹಾಕಬೇಡಿ. ಒರಟು ಪುಡಿ ಅದರಲ್ಲಿ ಚುಚ್ಚಿಕೊಂಡಿರುತ್ತೆ.

ಇನ್ನು ಮಬ್ಬು. ಬಟಾಣಿ ಆದ ಆ ಹರಳು ಬೆಣಚಲ್ಲ, ಬಹುತೇಕ ಕ್ಯಾಲ್ಸೈಟ್, ಸುಣ್ಣದ ಜಾತಿಯ ಮೆತ್ತನೆ ಖನಿಜ. ಚಾಕು ತುದಿಯಿಂದ ಗೀರಿ ನೋಡಿ. ಮೋಸ್ ಅಳತೆಯಲ್ಲಿ (1 ತೀರಾ ಮೆತ್ತಗೆ, 10 ತೀರಾ ಗಟ್ಟಿ) ಕ್ಯಾಲ್ಸೈಟಿನ ಗಡಸುತನ 3, ಸುಲಭವಾಗಿ ಗೀರು ಬೀಳುತ್ತೆ. ಅಗೇಟ್ 6.5ರಿಂದ 7, ಅದರ ಮೇಲೆ ಚಾಕುವಿನ ಉಕ್ಕೇ ಬೂದು ಗೆರೆಯಾಗಿ ಉಳಿಯುತ್ತೆ. ಇನ್ನೂ ಅನುಮಾನ ಇದ್ದರೆ ಬಾತ್‌ರೂಮ್ ಆಸಿಡ್ ಒಂದು ಹನಿ ಬಿಡಿ, ಕ್ಯಾಲ್ಸೈಟ್ ಆದರೆ ನೊರೆ ಬರುತ್ತೆ. ಕೈಗವಸು ಹಾಕಿಕೊಂಡು, ಕಿಟಕಿ ತೆಗೆದು ಮಾಡಿ.

ನಿಮ್ಮ ಕಡೆಯದು ದಖ್ಖನ್ ಬಸಾಲ್ಟ್. ಸುಮಾರು 6.6 ಕೋಟಿ ವರ್ಷದ ಹಿಂದಿನ ಲಾವಾ. ಅದರಲ್ಲಿ ಗಾಳಿಗುಳ್ಳೆ ಇದ್ದ ಜಾಗಗಳಲ್ಲಿ ಆಮೇಲೆ ಸಿಲಿಕಾ (ಬೆಣಚಿನ ಮೂಲವಸ್ತು) ತುಂಬಿಕೊಂಡು ಅಗೇಟ್ ಆಗಿದೆ. ಅದೇ ಥರದ ಗುಳ್ಳೆಗಳಲ್ಲಿ ಕ್ಯಾಲ್ಸೈಟ್, ಸ್ಟಿಲ್ಬೈಟ್, ಹ್ಯೂಲಂಡೈಟ್ ಅನ್ನೋ ಖನಿಜಗಳೂ ಬೆಳೆದಿರುತ್ತವೆ. ಎಲ್ಲವೂ ಅಗೇಟಿಗಿಂತ ಮೆತ್ತಗಿನವು. ಒಂದೇ ಡ್ರಮ್ಮಿಗೆ ಹಾಕಿದರೆ ಅವು ಸವೆದು ಕೆಸರು ಗಟ್ಟಿಯಾಗುತ್ತೆ, ಪುಡಿ ತನ್ನ ಕೆಲಸ ಮಾಡಲ್ಲ.

ಕಪ್ಪು ಕಲ್ಲು, ಅಂದರೆ ಆ ಬಸಾಲ್ಟ್, ಅದಕ್ಕಿಂತ ತಲೆನೋವು. ಅದರ ತೂತುಗಳಲ್ಲಿ 80 ನಂಬರಿನ ಪುಡಿ ಅಡಗಿ ಕೂತಿರುತ್ತೆ. ಎಷ್ಟು ತೊಳೆದರೂ ಬರಲ್ಲ. ಪಾಲಿಶ್ ಹಂತದಲ್ಲಿ ಕಲ್ಲು ಸವೆದಾಗ ಮೆಲ್ಲಗೆ ಹೊರಗೆ ಬರುತ್ತೆ. ಒಂದು ಚಿಟಿಕೆ ಸಾಕು, ಇಡೀ ಡ್ರಮ್ಮು ಮಬ್ಬು. ಕಪ್ಪು ಅಂಟಿಕೊಂಡವನ್ನು ಹಾಗೇ ಶೋಕೇಸಿನಲ್ಲಿ ಇಡಿ. ಅಗೇಟ್ ಹುಟ್ಟಿದ ಜಾಗದ ಸಮೇತ ಇರೋ ಕಲ್ಲು ನನಗಂತೂ ಪಾಲಿಶ್ ಆದದ್ದಕ್ಕಿಂತ ಇಷ್ಟ.

ಬಸಾಲ್ಟ್ ಬಸಣ್ಣ:
ಮಾಸ್ತರೇ, ಒಂದು ತಕರಾರು. ನನಗೆ ಸೀರಿಯಂ ಆಕ್ಸೈಡಿನಲ್ಲಿ ಅಗೇಟ್ ಸಕತ್ ಹೊಳಪು ಬಂದಿದೆ. ಸುಮ್ನೆ ಬೇಡ ಅಂದರೆ ಹೇಗೆ?

ಡ್ರಮ್ ಮಾಸ್ತರ:
ಸೀರಿಯಂ ಕೆಟ್ಟದ್ದು ಅಂತ ಎಲ್ಲಿ ಹೇಳಿದೆ ಬಸಣ್ಣಾ? 500ರ ಕೆಲಸ ಸರಿಯಾಗಿದ್ದರೆ ಎರಡರಲ್ಲೂ ಹೊಳೆಯುತ್ತೆ. ಸರಿಯಿಲ್ಲದಿದ್ದರೆ ಎರಡರಲ್ಲೂ ಇಲ್ಲ. ದುಡ್ಡು ಹಾಕೋ ಮೊದಲು ಪರೀಕ್ಷೆ ಮಾಡಬಹುದು. ಹಳೇ ಜೀನ್ಸ್ ತುಂಡು ಒದ್ದೆ ಮಾಡಿ, ಈಗಿರೋ ಪಾಲಿಶ್ ಪುಡಿಯನ್ನೇ ಸವರಿ, ಕಲ್ಲಿನ ಒಂದೇ ಜಾಗವನ್ನು ಚೆನ್ನಾಗಿ ಒತ್ತಿ ಉಜ್ಜಿ. ಆ ಜಾಗ ಮಾತ್ರ ಹೊಳೆದರೆ ಪಾಲಿಶ್ ಹಂತಕ್ಕೆ ಇನ್ನಷ್ಟು ದಿನ ಬೇಕು ಅಂತ. ಏನೂ ಬದಲಾಗದಿದ್ದರೆ ಹಿಂದಿನ ಹಂತ ಬಾಕಿ ಇದೆ ಅಂತ.

ಹುಣಸಗಿ ಹುಡುಗ:
ಬೇರೆ ವಿಷಯ. ಎರಡನೇ ಫೋಟೋದಲ್ಲಿ ಎಡಗಡೆ ಒಂದು ಉದ್ದನೆಯ ತೆಳು ಚೂರು ಇದೆಯಲ್ಲ, ಎರಡೂ ಅಂಚು ನೇರ, ಬೆನ್ನ ಮೇಲೆ ಒಂದು ಏಣು. ಅದನ್ನು ದಯವಿಟ್ಟು ಡ್ರಮ್ಮಿಗೆ ಹಾಕಬೇಡಿ. ನದಿಯಲ್ಲಿ ಉರುಳಿದ ಕಲ್ಲು ದುಂಡಗಾಗುತ್ತೆ, ಹಾಗೆ ಚೂಪಾಗಿ ಉಳಿಯಲ್ಲ. ಅದು ಸೂಕ್ಷ್ಮಶಿಲಾಯುಧ, ಅಂದರೆ ಶಿಲಾಯುಗದ ಜನ ಮಾಡಿದ ಪುಟ್ಟ ಕಲ್ಲಿನ ಹತಾರ ಇರಬಹುದು. ಕೃಷ್ಣಾ-ಭೀಮಾ ಬಯಲಲ್ಲಿ ಅಗೇಟ್, ಚರ್ಟ್ (ಇದೂ ಸಿಲಿಕಾದ ಗಟ್ಟಿ ಕಲ್ಲೇ) ಕಲ್ಲುಗಳಲ್ಲಿ ಇಂಥ ಅಲಗು ಮಾಡುತ್ತಿದ್ದರು. ಸಿಕ್ಕ ಜಾಗ ಬರೆದಿಟ್ಟು ಪುರಾತತ್ವ ಇಲಾಖೆಯವರಿಗೆ ತೋರಿಸಿ. ಅಲ್ಲಿ ಇನ್ನಷ್ಟು ಕಂಡರೆ ಆರಿಸಬೇಡಿ, ಇದ್ದಲ್ಲೇ ಇರಲಿ.

ಭೀಮೆಯ ಹರಳು:
ಅದು ಹೊಲದ ಬದುವಿನಲ್ಲಿ ಸಿಕ್ಕಿದ್ದು, ನದಿಯಲ್ಲಲ್ಲ. ತೆಗೆದಿಟ್ಟಿದ್ದೇನೆ, ತೋರಿಸುತ್ತೇನೆ. ಮಾಸ್ತರೇ, ಜೀನ್ಸ್ ಪರೀಕ್ಷೆಯಲ್ಲಿ ಏನೂ ಬದಲಾಗಲಿಲ್ಲ. ಆಸಿಡ್ ಹನಿಗೆ ಆ ಹರಳು ಭುಸ್ ಅಂತು. 80ರಿಂದ ಮತ್ತೆ ಶುರು ಮಾಡುತ್ತೇನೆ.

ಡ್ರಮ್ ಮಾಸ್ತರ:
80ರಲ್ಲಿ ಒಂದೇ ವಾರ ಅಂತ ನಿಯಮ ಇಟ್ಟುಕೊಳ್ಳಬೇಡಿ. ಪುಡಿ ಒಂದು ವಾರಕ್ಕೆ ಸವೆದು ಹೋಗುತ್ತೆ ಅಷ್ಟೆ, ಕಲ್ಲಿನ ಕೆಲಸ ಮುಗಿದಿರಲ್ಲ. ತೊಳೆದು, ಲೆನ್ಸಿನಲ್ಲಿ ನೋಡಿ, ಗುಳಿ ಮತ್ತು ಅರ್ಧಚಂದ್ರ ಇರೋದನ್ನು ಹೊಸ ಪುಡಿಯ ಜೊತೆ ವಾಪಸ್ ಹಾಕಿ. ನಿಮ್ಮ ಡ್ರಮ್ಮಿಗೆ ನಾಲ್ಕು ಟೇಬಲ್ ಚಮಚ ಪುಡಿ, ನೀರು ಮೇಲಿನ ಸಾಲಿನ ಕಲ್ಲಿಗಿಂತ ಸ್ವಲ್ಪ ಕೆಳಗೆ. ಒಂದೊಂದು ಹಂತ ಆದಮೇಲೆ ಡ್ರಮ್ಮಿನ ಮುಚ್ಚಳದ ಸಂದು ಸಮೇತ ಹಲ್ಲುಜ್ಜೋ ಬ್ರಶ್ಶಿನಲ್ಲಿ ತಿಕ್ಕಿ.

ಕೆಸರನ್ನು ಸಿಂಕಿಗೆ ಸುರಿಯಬೇಡಿ, ಪೈಪಿನಲ್ಲಿ ಸಿಮೆಂಟಿನ ಹಾಗೆ ಕೂರುತ್ತೆ. ಅಂಗಳದಲ್ಲಿ ಒಣಗಿಸಿ ಗುಡಿಸೋದೂ ಬೇಡ. ಒದ್ದೆ ಇರುವಾಗಲೇ ಗುಂಡಿಗೆ ಹಾಕಿ ಮುಚ್ಚಿ. ಒಣಗಿದರೆ ಅದು ಸಿಲಿಕಾ ದೂಳು. ಗುಜರಾತಿನ ಖಂಭಾತಿನಲ್ಲಿ ಅಗೇಟ್ ಮಣಿ ಉಜ್ಜುವ ಎಷ್ಟೋ ಜನರಿಗೆ ಸಿಲಿಕೋಸಿಸ್ ಅನ್ನೋ ಶ್ವಾಸಕೋಶದ ಕಾಯಿಲೆ ಬಂದಿರೋದು ಇದೇ ದೂಳಿನಿಂದ.

ಭೀಮೆಯ ಹರಳು:
ಸುಮಾರು ದಿನ ಆಯ್ತು, ಕ್ಷಮಿಸಿ. ಡ್ರಮ್ಮು ಮುಕ್ಕಾಲು ತುಂಬಿಸಿ, ಕ್ಯಾಲ್ಸೈಟ್ ಮತ್ತು ಕಪ್ಪು ಕಲ್ಲು ತೆಗೆದು, ಅದೇ ಹಳೇ ಅಲ್ಯುಮಿನಿಯಂ ಆಕ್ಸೈಡಿನಲ್ಲೇ ಮುಗಿಸಿದೆ. ಟ್ಯೂಬಿನ ಬಿಂಬ ಗೆರೆ ಎಳೆದ ಹಾಗೆ ಕಾಣುತ್ತಿದೆ! ಒಂದೇ ಕಲ್ಲು ತಕರಾರು. ಒಂದು ಪಕ್ಕ ಹೊಳೆಯುತ್ತೆ, ಇನ್ನೊಂದು ಪಕ್ಕ ಹಸಿರು-ಬಿಳಿ ತೇಪೆ ಹಾಗೇ ಮಂಕಾಗಿದೆ. ಮತ್ತೆ ಪಾಲಿಶಿಗೆ ಹಾಕಲಾ?

ಡ್ರಮ್ ಮಾಸ್ತರ:
ಬೇಡ. ಹಸಿರು ಸೆಲಡೊನೈಟ್ ಇರಬೇಕು, ಗಾಳಿಗುಳ್ಳೆಯ ಗೋಡೆಗೆ ಅಂಟಿಕೊಂಡಿರೋ ಮೆತ್ತನೆ ಪದರ. ಬಿಳಿ ಅಗೇಟಿನ ಹೊರ ತೊಗಟೆ, ಸೂಕ್ಷ್ಮ ರಂಧ್ರ ಜಾಸ್ತಿ. ಎರಡೂ ಹೊಳಪು ಹಿಡಿಯಲ್ಲ. ತೊಗಟೆ ತೆಳ್ಳಗಿದ್ದರೆ ಮುಂದಿನ ಸಲ 80ರ ಡ್ರಮ್ಮಿನ ಜೊತೆ ಸೇರಿಸಿ ಬಿಡಿ, ಸವೆದು ಹೋಗುತ್ತೆ. ದಪ್ಪ ಇದ್ದರೆ ಹೊಳೆಯೋ ಪಕ್ಕ ಮೇಲೆ ಮಾಡಿ ಇಡಿ.