ಮಳೆಗಾಲದ ಬ್ಯಾಗ್ ಕಟ್ಟಿಟ್ಟರೆ ತವಕ್ಕುಲ್ (ಅಲ್ಲಾಹನ ಮೇಲಿನ ಭರವಸೆ) ಕಮ್ಮಿ ಅಂತಾನಾ?

ನಮ್ಮ ಮನೆ ಉಳ್ಳಾಲದಲ್ಲಿ, ಕಡಲಿಗೆ ತೀರಾ ಹತ್ತಿರ. ಜೂನ್ ಬಂತೆಂದರೆ ಅಲೆಯ ಸದ್ದಿಗೇ ನಿದ್ದೆ ಹಾರಿಹೋಗುತ್ತದೆ. ಈ ಸಲ ಪಾಸ್‌ಪೋರ್ಟ್, ಮನೆಪತ್ರ, ಟಾರ್ಚ್ ಎಲ್ಲ ಒಂದು ಬ್ಯಾಗಿಗೆ ತುಂಬಿ ಬಾಗಿಲ ಹಿಂದೆ ತೂಗುಹಾಕಿದೆ. ಅತ್ತೆ ನೋಡಿ, "ಅಲ್ಲಾಹನ ಮೇಲೆ ಭರವಸೆ ಇಲ್ವಾ ನಿನಗೆ?" ಅಂದರು. ಮನಸ್ಸಿಗೆ ನಾಟಿತು. ನಿಮ್ಮ ಮನೆಗಳಲ್ಲಿ ಹೇಗೆ?

ಮಲ್ಪೆಯಿಂದ:
ನಾನು ಬೋಟಿನವನು. ಜೂನ್ 1ರಿಂದ ಜುಲೈ 31ರ ತನಕ, 61 ದಿನ ನಮಗೆ ಕಡಲು ಬಂದ್. ಇಂಜಿನ್ ಬಿಚ್ಚುವುದು, ಬಲೆ ರಿಪೇರಿ ಎಲ್ಲ ಆಗಲೇ. ಮೊದಲೆಲ್ಲ ಲೈಫ್ ಜಾಕೆಟ್ ಹಾಕಿದರೆ ಸೆಕೆ ಅಂತ ಮೂಲೆಗೆ ಬಿಸಾಡುತ್ತಿದ್ದೆವು. ಒಂದು ಸಲ ಅಳಿವೆ ಬಾಯಲ್ಲಿ ಬೋಟು ವಾಲಿತು. ಜಾಕೆಟ್ ಎಳೆದರೆ ಪಟ್ಟಿಯನ್ನು ಇಲಿ ಕಡಿದಿತ್ತು! ಹೇಗೋ ದಡ ಸೇರಿದೆವು. ನಮ್ಮ ಧರ್ಮಗುರು ಉಸ್ತಾದರು ಚೆನ್ನಾಗಿ ಬೈದರು. ಒಂಟೆ ಕಟ್ಟಿ ಭರವಸೆ ಇಡಲೋ, ಬಿಟ್ಟು ಭರವಸೆ ಇಡಲೋ ಅಂತ ಒಬ್ಬರು ಕೇಳಿದಾಗ ಪ್ರವಾದಿಯವರು "ಕಟ್ಟು, ಭರವಸೆ ಇಡು" ಅಂದದ್ದು ತಿರ್ಮಿದಿ ಅನ್ನುವ ಹದೀಸ್ (ಪ್ರವಾದಿಯವರ ಮಾತುಗಳ) ಸಂಗ್ರಹದಲ್ಲಿ ಇದೆಯಲ್ವಾ, ಅದನ್ನೇ ಹೇಳಿದರು. ಈಗ ಜಾಕೆಟ್ ನಾನೇ ಎಣಿಸುತ್ತೇನೆ. ಬಿಸ್ಮಿಲ್ಲಾ ಆಮೇಲೆ.

ಬಂದರ್‌ನಿಂದ:
ಅತ್ತೆಯ ಅಟ್ಟ ಒಮ್ಮೆ ಹತ್ತಿ ನೋಡಿ. ಒಣಮೀನು, ಹಪ್ಪಳ, ಕುಚ್ಚಲಕ್ಕಿ, ಸೌದೆ ಇರುತ್ತದೆ, ಬೇಕಾದರೆ ಪಂಥ ಕಟ್ಟುತ್ತೇನೆ. ನನ್ನ ಉಮ್ಮ ಮೇ ತಿಂಗಳಲ್ಲೇ ಒಣಮೀನು ಡಬ್ಬಿಗೆ ತುಂಬಿ, ಮುಚ್ಚಳಕ್ಕೆ ಬಟ್ಟೆ ಸುತ್ತಿ ಇಡುತ್ತಿದ್ದರು. ಅದಕ್ಕೆ ಯಾರೂ ಈಮಾನ್ (ನಂಬಿಕೆ) ಕಮ್ಮಿ ಅನ್ನಲಿಲ್ಲ. ಕುರ್‌ಆನಿನ ಯೂಸುಫ್ ಸೂರಾದಲ್ಲೂ (ಅಧ್ಯಾಯದಲ್ಲೂ) ಇದೇ ತಾನೇ? ಮುಂದೆ ಬರಗಾಲ ಬರುತ್ತದೆ ಅಂತ ಪ್ರವಾದಿ ಯೂಸುಫ್ ಹೇಳುತ್ತಾರೆ: ಏಳು ವರ್ಷ ಬೆಳೆಯಿರಿ, ತಿನ್ನಲು ಬೇಕಾದಷ್ಟು ತೆಗೆದು ಉಳಿದದ್ದನ್ನು ತೆನೆಯಲ್ಲೇ ಬಿಡಿ ಅಂತ. ತೆನೆಯಲ್ಲೇ! ಕಾಳು ಹೇಗೆ ಇಡಬೇಕು ಅನ್ನುವಷ್ಟು ಚಿಕ್ಕ ವಿಷಯವನ್ನೂ ಒಬ್ಬ ಪ್ರವಾದಿ ಹೇಳುತ್ತಾರೆ.

ಕಟಪಾಡಿಯಿಂದ:
ನನ್ನದು ಉಲ್ಟಾ. ಗಲ್ಫ್‌ನಲ್ಲಿ ಕೆಲಸ ಹೋದ ಮೇಲೆ ಊರಿಗೆ ಬಂದು ದಿನಾ ರಾತ್ರಿ ಉಳಿತಾಯದ ಲೆಕ್ಕ ಬರೆಯುತ್ತಿದ್ದೆ. ನಿನ್ನೆಯದೇ ಲೆಕ್ಕ, ಮತ್ತೆ ಬರೆಯುವುದು. ಒಂಟೆ ಕಟ್ಟಿಯಾಗಿತ್ತು, ನಾನು ಮಾತ್ರ ಹಗ್ಗ ಹಿಡಿದು ಕೂತಿದ್ದೆ. ಪ್ರವಾದಿಯವರು ಗೆಳೆಯ ಅಬೂಬಕರ್ ಜೊತೆ ಮಕ್ಕಾ ಬಿಟ್ಟು ಮದೀನಾಕ್ಕೆ ಹೋದ ಹಿಜ್ರಾದ ಕಥೆ ಆಗ ಬೇರೆ ಥರ ಕೇಳಿಸಿತು. ಸವಾರಿ ಒಂಟೆಗಳು ರೆಡಿ. ದಾರಿ ತೋರಿಸಲು ಆಳು ಗೊತ್ತು ಮಾಡಿದ್ದರು, ಅವನು ಮುಸ್ಲಿಮನೂ ಅಲ್ಲ. ಸೌರ್ ಗುಹೆಯಲ್ಲಿ ಮೂರು ರಾತ್ರಿ ಅಡಗಿದ್ದರು. ಹುಡುಕಿಕೊಂಡು ಬಂದವರ ಕಾಲು ಗುಹೆಯ ಬಾಯಲ್ಲೇ ಕಾಣಿಸಿದಾಗ ಮಾಡಲು ಏನೂ ಉಳಿದಿರಲಿಲ್ಲ. ಪ್ರವಾದಿಯವರು ಗೆಳೆಯನಿಗೆ "ದುಃಖಿಸಬೇಡ, ಅಲ್ಲಾಹ್ ನಮ್ಮ ಜೊತೆಗಿದ್ದಾನೆ" ಅಂದದ್ದು ಆಗ. ನಾನೀಗ ತಿಂಗಳಿಗೊಮ್ಮೆ ಲೆಕ್ಕ ಬರೆದು ಪುಸ್ತಕ ಮುಚ್ಚುತ್ತೇನೆ. ಕೆಲವು ರಾತ್ರಿ ಕೈ ಈಗಲೂ ತುರಿಸುತ್ತದೆ, ಸುಳ್ಳು ಯಾಕೆ ಹೇಳಲಿ.

ತೊಕ್ಕೊಟ್ಟಿನಿಂದ:
ಬ್ಯಾಗ್ ಬಟ್ಟೆಯದ್ದಾ? ಕಾಗದಪತ್ರ ಮೊದಲು ಪ್ಲಾಸ್ಟಿಕ್ ಕವರ್‌ಗೆ ಹಾಕಿ ಮಾರಾಯ್ರೇ.

ಕೇಳಿದವಳು, ಮತ್ತೆ:
ಕವರ್ ಹಾಕಿದೆ. ಒಣಮೀನಿನ ಮಾತು ಎತ್ತಿದ್ದಕ್ಕೆ ಅತ್ತೆ "ಅದು ಬೇರೆ, ಇದು ಬೇರೆ" ಅಂದರು. ಬ್ಯಾಗ್ ತೆಗೆಯಲು ಮಾತ್ರ ಹೇಳಲಿಲ್ಲ. ಅವರ ಬಿಪಿ ಮಾತ್ರೆಗೆ ಬದಿಯ ಜೇಬು ಖಾಲಿ ಬಿಟ್ಟಿದ್ದೇನೆ.