ನೋಲ್ಸ್ ಜಾಗಕ್ಕೆ ಪ್ಯಾಟ್ರಿಸಿಯಾ: ಒಹಾಯೊ ಸ್ಟೇಟ್ ಮಾಡಿದ್ದು ಸರೀನಾ? (2025ರ ಚರ್ಚೆ)

ಕೊಲಂಬಸ್_ಮಂಜು:
2025ರ ಜನವರಿ 20ರಂದು ಅಟ್ಲಾಂಟಾದಲ್ಲಿ ನೋಟರ್ ಡೇಮ್ ವಿರುದ್ಧ 34-23ರಲ್ಲಿ ಗೆದ್ದು ಅಮೆರಿಕದ ಕಾಲೇಜು ಫುಟ್‌ಬಾಲ್ ಚಾಂಪಿಯನ್ ಆದೆವು. ಆ ಖುಷಿ ಇಳಿಯುವ ಮೊದಲೇ ಡಿಫೆನ್ಸ್ ಕೋಆರ್ಡಿನೇಟರ್ (ರಕ್ಷಣಾ ಆಟದ ಮುಖ್ಯ ಕೋಚ್) ಜಿಮ್ ನೋಲ್ಸ್ ಪೆನ್ ಸ್ಟೇಟ್‌ಗೆ ಹೊರಟುಬಿಟ್ಟರು. ಅದೂ ನಮ್ಮದೇ ಬಿಗ್ ಟೆನ್ ಲೀಗ್‌ನ ಎದುರಾಳಿ ತಂಡಕ್ಕೆ! ಈಗ ಆ ಜಾಗಕ್ಕೆ ಮ್ಯಾಟ್ ಪ್ಯಾಟ್ರಿಸಿಯಾ. ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ನ ಡೆಟ್ರಾಯಿಟ್ ಲಯನ್ಸ್‌ನಲ್ಲಿ ಹೆಡ್ ಕೋಚ್ ಆಗಿ 13 ಗೆದ್ದು 29 ಸೋತವರು. ಕಾಲೇಜು ತಂಡದಲ್ಲಿ ಕೊನೆಗೆ ಕೆಲಸ ಮಾಡಿದ್ದು 2003ರಲ್ಲಿ, ಸಿರಾಕ್ಯೂಸ್‌ನಲ್ಲಿ. ಮನೆಯಲ್ಲೇ ಸಹಾಯಕ ಕೋಚ್‌ಗಳಾದ ಟಿಮ್ ವಾಲ್ಟನ್, ಲಾರಿನೈಟಿಸ್ ಇರುವಾಗ ಹೊರಗಿನವರು ಯಾಕೆ? ಹೆಡ್ ಕೋಚ್ ರಯಾನ್ ಡೇ ಅವಸರ ಮಾಡಿದರು ಅನ್ನಿಸುತ್ತಿದೆ. ನಿಮಗೇನನ್ನಿಸುತ್ತದೆ?

ಹಾಸನದ_ಬಕೈ:
ಮಂಜು, ಲಯನ್ಸ್ ಲೆಕ್ಕ ಇಲ್ಲಿ ತರಬೇಡಿ. ಇಡೀ ತಂಡ ನಡೆಸುವುದು ಬೇರೆ ಕೆಲಸ, ಡಿಫೆನ್ಸ್ ಒಂದನ್ನೇ ನೋಡಿಕೊಳ್ಳುವುದು ಬೇರೆ. ಪೇಟ್ರಿಯಟ್ಸ್‌ಗೆ ಇವರು 2012ರಿಂದ 2017ರವರೆಗೆ ಡಿಫೆನ್ಸ್ ಕೋಆರ್ಡಿನೇಟರ್. ಎದುರಾಳಿ ಸಿಯಾಟಲ್ ಗೋಲ್ ಗೆರೆಗೆ ಒಂದೇ ಗಜ ದೂರದಲ್ಲಿ ನಿಂತಿದ್ದಾಗ ಮ್ಯಾಲ್ಕಮ್ ಬಟ್ಲರ್ ಚೆಂಡು ಕಸಿದು ಎನ್‌ಎಫ್‌ಎಲ್ ಫೈನಲ್ ಆದ ಸೂಪರ್ ಬೌಲ್ ಗೆಲ್ಲಿಸಿದ್ದು ನೆನಪಿದೆಯಾ? ಆ ಡಿಫೆನ್ಸ್ ಇವರದ್ದೇ.

ಹೈ_ಸ್ಟ್ರೀಟ್_ರವಿ:
ನನ್ನ ಚಿಂತೆಯೇ ಬೇರೆ. ಎನ್‌ಎಫ್‌ಎಲ್ ಆಟಗಾರನಿಗೆ ಅದೇ ಉದ್ಯೋಗ, ಬೆಳಗ್ಗಿನಿಂದ ಸಂಜೆವರೆಗೆ ಅದೇ ಪಾಠ. ನಮ್ಮ ಹುಡುಗರಿಗೆ ಕ್ಲಾಸು, ಪರೀಕ್ಷೆ ಇವೆ, ವಾರಕ್ಕೆ 20 ಗಂಟೆಯ ಮಿತಿ ಬೇರೆ. ಮೈದಾನವೂ ಒಂದೇ ರೀತಿ ಅಲ್ಲ. ಕಾಲೇಜಿನಲ್ಲಿ ಎರಡು ಹ್ಯಾಶ್ ಗೆರೆಗಳ (ಚೆಂಡನ್ನು ಇವುಗಳ ಮೇಲೆ ಅಥವಾ ಒಳಗೆ ಇಟ್ಟೇ ಆಟ ಶುರು) ನಡುವೆ 40 ಅಡಿ, ಎನ್‌ಎಫ್‌ಎಲ್‌ನಲ್ಲಿ ಹದಿನೆಂಟೂವರೆ. ಚೆಂಡು ಒಂದು ಬದಿಯ ಗೆರೆ ಮೇಲೆ ಇದ್ದರೆ ಇನ್ನೊಂದು ಬದಿಯಲ್ಲಿ ಬಯಲೇ ಬಿದ್ದಿರುತ್ತದೆ, ಅಲ್ಲಿಗೆ ಎದುರಾಳಿಯ ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆಯುವ ಆಟಗಾರ) ಓಡಿದರೆ ಹಿಡಿಯುವುದು ಯಾರು? ನೋಲ್ಸ್‌ಗೂ ಮೊದಲ ವರ್ಷ ಸುಲಭ ಆಗಿರಲಿಲ್ಲ. 2022ರಲ್ಲಿ ನಮ್ಮ ಮೈದಾನದಲ್ಲೇ ಮಿಶಿಗನ್ 45-23ರಲ್ಲಿ ಬಡಿದು ಹೋಯಿತು, ಅದು ಇವತ್ತಿಗೂ ಉರಿಯುತ್ತದೆ. 2024ರಲ್ಲಿ ಆರೆಗನ್ ಎದುರು 32-31ರಲ್ಲಿ ಸೋತ ಮೇಲೆ ನೋಲ್ಸ್ ತಮ್ಮ ಆಟವನ್ನು ಬದಲಿಸಿಕೊಂಡರು, ಆಮೇಲೆ ನೋಡಿ ಆ ಡಿಫೆನ್ಸ್ ಹೇಗೆ ನಿಂತಿತು ಅಂತ. ಪ್ಯಾಟ್ರಿಸಿಯಾಗೂ ಹಾಗೆ ಕಲಿಯುವ ಮನಸ್ಸು ಇರಬೇಕು. ನಾನು ಕೇಳುವುದು ಅಷ್ಟೇ.

ಗೀತಾ_ಬಕೈ:
ರವಿ ಹೇಳಿದ್ದು ನಿಜ. ಆದರೆ ಒಂದು ವಿಷಯ ಮರೆಯುತ್ತಿದ್ದೀರಿ. ಡಿಫೆನ್ಸ್‌ನ 11 ಜನರಲ್ಲಿ 8 ಜನ ಹೋಗುತ್ತಿದ್ದಾರೆ. ಸಾಯರ್, ಟುಯಿಮೊಲೊವಾವು, ಕೋಡಿ ಸೈಮನ್, ಎಲ್ಲರೂ! ಯಾರೇ ಬಂದರೂ ಹೊಸದಾಗಿಯೇ ಕಟ್ಟಬೇಕು, ಅಂದಮೇಲೆ ಹೊಸ ಪದ್ಧತಿ ತರುವುದಕ್ಕೆ ಇದೇ ಸಮಯ ಅಲ್ವಾ? ಉಳಿದವರಲ್ಲಿ ಕೇಲೆಬ್ ಡೌನ್ಸ್, ಸನ್ನಿ ಸ್ಟೈಲ್ಸ್ ಇದ್ದಾರೆ. 2014ರಿಂದ ಡಿಫೆನ್ಸ್ ಲೈನ್ ನೋಡಿಕೊಂಡು ಬಂದಿರುವ ಲ್ಯಾರಿ ಜಾನ್ಸನ್ ಇದ್ದಾರೆ, ಅವರು ಇರುವವರೆಗೂ ನನಗೆ ಧೈರ್ಯ ಜಾಸ್ತಿ. ಲಾರಿನೈಟಿಸ್ ನಮ್ಮ ಹುಡುಗ, ನನಗೂ ತುಂಬಾ ಇಷ್ಟ. ಆದರೆ ಪೂರ್ತಿ ಕೋಚ್ ಆಗಿದ್ದೇ 2024ರಲ್ಲಿ. ಇನ್ನೆರಡು ವರ್ಷ ಕಲಿಯಲಿ, ಈಗಲೇ ಅಷ್ಟು ಭಾರ ಹೊರಿಸುವುದು ಬೇಡ.

ಕೊಲಂಬಸ್_ಮಂಜು:
ಗೀತಾ ಅವರೇ, 8 ಜನರ ಮಾತು ನನಗೆ ಹೊಳೆದಿರಲಿಲ್ಲ. ಲಾರಿನೈಟಿಸ್ ವಿಷಯ ಒಪ್ಪಿದೆ. ವಾಲ್ಟನ್‌ಗೆ ಕೊಡಬಹುದಿತ್ತು ಅನ್ನುವುದು ಮಾತ್ರ ಈಗಲೂ ನನ್ನ ಮಾತು. ಆಗಸ್ಟ್ 30ಕ್ಕೆ ಟೆಕ್ಸಸ್ ನಮ್ಮೂರಿಗೇ ಬರುತ್ತಿದೆ, ಮೊದಲ ಪಂದ್ಯವೇ ಅದು. ಯಾರ ಹತ್ತಿರವಾದರೂ ಒಂದು ಟಿಕೆಟ್ ಹೆಚ್ಚಿಗೆ ಇದ್ದರೆ ಹೇಳಿ.