ಮೆಜೆಸ್ಟಿಕ್ ಬಿಲ್ಲೆಯ ಹಳೆಯ ಜಪಾನಿ ಡ್ರಮ್ ಸೆಟ್: ತಯಾರಿಸಿದವರು ಯಾರು, ದುರಸ್ತಿ ಎಷ್ಟರಮಟ್ಟಿಗೆ?

ಓಹಿಯೋ ಕನ್ನಡಿಗ

ಎಲ್ಲರಿಗೂ ನಮಸ್ಕಾರ. ಕೊಲಂಬಸ್ ಸಮೀಪ ಮನೆ ಖಾಲಿ ಮಾಡುತ್ತಿದ್ದವರೊಬ್ಬರಿಂದ 120 ಡಾಲರ್ ಕೊಟ್ಟು ಒಂದು ಹಳೆಯ ಡ್ರಮ್ ಸೆಟ್ ತಂದಿದ್ದೇನೆ. ಅದರಲ್ಲಿ 20 ಇಂಚಿನ ಬಾಸ್ ಡ್ರಮ್, 12 ಇಂಚಿನ ಟಾಮ್ (ಚಿಕ್ಕ ಡ್ರಮ್), ನೆಲದ ಮೇಲೆ ನಿಲ್ಲುವ 14 ಇಂಚಿನ ಫ್ಲೋರ್ ಟಾಮ್ ಮತ್ತು ಅಡಿಯಲ್ಲಿ ತಂತಿ ಬಿಗಿದ 14 ಇಂಚಿನ ಮರದ ಸ್ನೇರ್ ಇವೆ. ಹೊರಗೆ ಕೆಂಪು ಮಿನುಗಿನ ಪ್ಲಾಸ್ಟಿಕ್ ಹೊದಿಕೆ ಇದೆ. ಗಾಳಿ ಹೋಗುವ ರಂಧ್ರದ ಸುತ್ತ ‘ಮೆಜೆಸ್ಟಿಕ್’ ಎಂಬ ಬಿಲ್ಲೆ, ಅದರ ಕೆಳಗೆ ಸಣ್ಣಕ್ಷರದಲ್ಲಿ ‘ಮೇಡ್ ಇನ್ ಜಪಾನ್’ ಎಂದಿದೆ. ಕ್ರಮಸಂಖ್ಯೆ ಎಲ್ಲಿಯೂ ಕಾಣಲಿಲ್ಲ. ಶೆಲ್‌ನ (ಡ್ರಮ್ಮಿನ ಮರದ ಒಡಲಿನ) ಒಳಗೆ ಮೇಲೂ ಕೆಳಗೂ ಒಂದೊಂದು ಮರದ ಬಳೆಯನ್ನು ಅಂಟಿಸಿದ್ದಾರೆ. ಇದು ಯಾವ ಕಾರ್ಖಾನೆಯದು, ಮತ್ತು ಹೊದಿಕೆಯನ್ನು ಕಿತ್ತು ಮರಕ್ಕೆ ಪಾಲಿಶ್ ಹಾಕಿಸಿದರೆ ಚೆನ್ನಾಗಿರುತ್ತದೆಯೇ ಎಂಬುದನ್ನು ತಿಳಿದವರು ಹೇಳಬೇಕು.

ಹಳೆವಾದ್ಯ

ಮೆಜೆಸ್ಟಿಕ್ ಎಂದಾಕ್ಷಣ ನಮಗೆ ಬಸ್ ನಿಲ್ದಾಣ ನೆನಪಾಗುತ್ತದೆ, ಅದಿರಲಿ. ಬಿಲ್ಲೆಯ ಮೇಲಿರುವುದು ತಯಾರಕರ ಹೆಸರಲ್ಲ, ಅಮೆರಿಕದಲ್ಲಿ ಮಾರಿದವರು ಇಟ್ಟುಕೊಂಡ ಹೆಸರು. ಒಂದೇ ಮಗ್ಗದ ಸೀರೆಗೆ ಹತ್ತು ಅಂಗಡಿಗಳು ತಮ್ಮ ತಮ್ಮ ಲೇಬಲ್ ಹಚ್ಚಿದ ಹಾಗೆ. ಕಟ್ಸುಮಿ ಯಾನಗಿಸಾವಾ ಎಂಬವರು 1946ರಲ್ಲಿ ಟೋಕಿಯೋದಲ್ಲಿ ಸಂಗೀತದ ಹಾಳೆ ಇಡುವ ಸ್ಟ್ಯಾಂಡುಗಳನ್ನು ಮಾಡುತ್ತ ಆರಂಭಿಸಿದ ಸಂಸ್ಥೆಯೇ ಮುಂದೆ ಪರ್ಲ್ ಎಂಬ ಡ್ರಮ್ ಕಂಪನಿ ಆಯಿತು. ಆ ಸಂಸ್ಥೆ 1961ರಲ್ಲಿ ಚಿಬಾದಲ್ಲಿ ಕಟ್ಟಿದ ಕಾರ್ಖಾನೆಯಿಂದ ಮೂವತ್ತಕ್ಕೂ ಹೆಚ್ಚು ವಿತರಕರ ಹೆಸರಿನಲ್ಲಿ ಅಗ್ಗದ ಸೆಟ್‌ಗಳು ಹೊರಟವು. ಮ್ಯಾಕ್ಸ್‌ವಿನ್, ಅಪೊಲೊ, ಕ್ರೆಸ್ಟ್, ಕೊರೊನೆಟ್, ಸ್ಟೀವರ್ಟ್, ವೈಟ್‌ಹಾಲ್‌ಗಳ ಜೊತೆಗೆ ಮೆಜೆಸ್ಟಿಕ್ ಕೂಡ ಆ ಪಟ್ಟಿಯಲ್ಲಿದೆ. ಬೀಟಲ್ಸ್ ತಂಡ 1964ರ ಫೆಬ್ರವರಿ 9ರಂದು ಅಮೆರಿಕದ ಟಿವಿಯಲ್ಲಿ ಕಾಣಿಸಿಕೊಂಡ ಮೇಲೆ ಹುಡುಗರೆಲ್ಲ ಡ್ರಮ್ ಬೇಕೆಂದು ಹಟ ಹಿಡಿದರು, ದುಬಾರಿಯಾದ ಲಡ್ವಿಗ್ ಡ್ರಮ್ ಕೊಡಿಸಲಾಗದ ತಂದೆತಾಯಿಗಳು ಇಂಥ ಸೆಟ್ ಕೊಡಿಸಿದರು.

ಹಾಗೆಂದು ಇದನ್ನು ಪರ್ಲ್ ಎಂದೇ ನಾನು ಷರಾ ಬರೆಯುವುದಿಲ್ಲ. ಆಗ ಜಪಾನಿನಲ್ಲಿ ಡ್ರಮ್ ಮಾಡುತ್ತಿದ್ದವರು ಇನ್ನೂ ಇದ್ದರು. ಮುಂದೆ 1974ರಿಂದ ಟಾಮಾ ಎಂಬ ಹೆಸರಿನಲ್ಲಿ ಮಾರಿದ ಹೋಶಿನೊ ಸಂಸ್ಥೆ 1965ರಿಂದಲೇ ಸ್ಟಾರ್ ಡ್ರಮ್‌ಗಳನ್ನು ಮಾಡುತ್ತಿತ್ತು, ಯಮಾಹಾ 1967ರಲ್ಲಿ ಈ ಕ್ಷೇತ್ರಕ್ಕೆ ಬಂತು. ಬಿಲ್ಲೆ ಹೊಡೆಸಿದ ವಿತರಕರು ಒಂದೇ ಕಾರ್ಖಾನೆಗೆ ಕಟ್ಟುಬೀಳಬೇಕಾದ ನಿಯಮವೂ ಇರಲಿಲ್ಲ. ಆದ್ದರಿಂದ ಲಗ್‌ಗಳ (ಬಿಗಿಸುವ ಸ್ಕ್ರೂ ಕೂರಲು ಶೆಲ್ಲಿಗೆ ಹಾಕಿದ ಲೋಹದ ತುಂಡುಗಳ) ಎರಕದ ಆಕಾರ, ಸ್ನೇರ್ ತಂತಿಯನ್ನು ಬಿಗಿಸುವ ಸನ್ನೆ, ಟಾಮ್ ಕೂರಿಸುವ ಬ್ರಾಕೆಟ್ ಈ ಮೂರರ ಚಿತ್ರಗಳನ್ನು ಹತ್ತಿರದಿಂದ ತೆಗೆದು ಹಾಕಿ. ಬಿಲ್ಲೆಗಿಂತ ಈ ಲೋಹದ ಭಾಗಗಳ ಸಾಕ್ಷ್ಯವೇ ಗಟ್ಟಿ.

ಉಳಿಬಾಚಿ

ಗುರುತಿನ ವಿಷಯ ಅವರಿಗೆ ಬಿಟ್ಟೆ. ಮರದ ಬಗ್ಗೆ ಮಾತ್ರ ನಾನು ಹೇಳುತ್ತೇನೆ. ಒಳಗೆ ಬಳೆಗಳಿವೆ ಎಂದಿರಲ್ಲ, ಅಂಥವು ಸಾಮಾನ್ಯವಾಗಿ ಫಿಲಿಪೀನ್ ಮಹಾಗನಿ ಎಂದು ವ್ಯಾಪಾರಿಗಳು ಕರೆಯುವ ಲುವಾನ್ ಮರದ ಮೂರು ಪದರದ ಶೆಲ್‌ಗಳು. ಅಷ್ಟು ತೆಳುವಾದ ಶೆಲ್ ತನ್ನಷ್ಟಕ್ಕೆ ದುಂಡಗೆ ನಿಲ್ಲುವುದಿಲ್ಲವಾದ್ದರಿಂದ ಬಳೆ ಕೊಟ್ಟಿರುತ್ತಾರೆ. ನನ್ನ ಸಲಹೆ ಇಷ್ಟು: ಹೊದಿಕೆಯನ್ನು ತೆಗೆಯಿರಿ, ಮರ ಕೊರೆಯುವ ರೂಟರ್ ಯಂತ್ರದಿಂದ, ಹೆಡ್ (ಡ್ರಮ್ಮಿನ ಬಾಯಿಗೆ ಬಿಗಿಯುವ ಪೊರೆ) ಕೂರುವ ಅಂಚುಗಳನ್ನು 45 ಡಿಗ್ರಿಗೆ ಹೊಸದಾಗಿ ಕತ್ತರಿಸಿ, ಒಳ್ಳೆಯ ವಾರ್ನಿಷ್ ಕೊಡಿ. ಹಳೆಯ ಅಗ್ಗದ ಸೆಟ್‌ಗಳ ದನಿ ಕೆಡುವುದೇ ಅಂಚಿನಲ್ಲಿ. ಅಂಚು ಸರಿಯಿಲ್ಲದ ಡ್ರಮ್ಮಿಗೆ ಎಷ್ಟು ದುಬಾರಿ ಹೆಡ್ ಹಾಕಿದರೂ ಶ್ರುತಿ ನಿಲ್ಲುವುದಿಲ್ಲ.

ಹಳೆವಾದ್ಯ

ಉಳಿಬಾಚಿಯವರೇ, ಅಂಚೇ ಮುಖ್ಯ ಎಂಬ ನಿಮ್ಮ ಮಾತನ್ನು ಒಪ್ಪುತ್ತೇನೆ, ಉಳಿದೆರಡನ್ನು ಒಪ್ಪಲಾರೆ. ಲುವಾನ್ ಮೆತ್ತನೆಯ, ನಾರು ಬಿಡುವ ಮರ. ವೇಗವಾಗಿ ತಿರುಗುವ ರೂಟರ್ ತಾಗಿದರೆ ಹೊರ ಪದರ ಸಿಬಿರೆದ್ದು ಬರುವ ಸಂಭವ ಹೆಚ್ಚು, ಹಾಗೆ ಹೋದ ಮರವನ್ನು ಮತ್ತೆ ಕೂಡಿಸಲಾಗುವುದಿಲ್ಲ. ಅಲ್ಲದೆ ಈ ಸೆಟ್‌ಗಳ ದುಂಡನೆಯ ಅಂಚು ಮತ್ತು ಒಳಬಳೆಗಳೇ ಆ ಮೃದುವಾದ, ಬೇಗ ಅಡಗುವ ನಾದಕ್ಕೆ ಕಾರಣ. ಅದನ್ನು ಚೂಪಾಗಿ ಕತ್ತರಿಸಿದರೆ ಈಗಿನ ಅಗ್ಗದ ಸೆಟ್ಟಿನ ದನಿ ಬರುತ್ತದೆ, ಅದಕ್ಕೆ ಹಳೆಯದನ್ನೇಕೆ ಕೊಳ್ಳಬೇಕಿತ್ತು? ಹೊದಿಕೆಯ ಕೆಳಗೆ ಚೆಲುವಾದ ಮರ ಅಡಗಿದೆ ಎಂಬ ಆಸೆಯನ್ನೂ ಇಟ್ಟುಕೊಳ್ಳಬೇಡಿ. ಮುಚ್ಚಿಹೋಗುವ ಪದರವೆಂದು ಕಾರ್ಖಾನೆಯವರು ಅಲ್ಲಿ ಸಿಕ್ಕಿದ ಹಲಗೆಯನ್ನೇ ಬಳಸಿ, ಬಿರುಕಿಗೆ ಲಪ್ಪ ಮೆತ್ತಿರುತ್ತಾರೆ. ಇನ್ನೊಂದು ಎಚ್ಚರಿಕೆ: ಆ ಕಾಲದ ಕೆಲವು ಹೊದಿಕೆಗಳು ಸೆಲ್ಯುಲಾಯ್ಡಿನವು, ಬೆಂಕಿ ಬಲು ಬೇಗ ಹಿಡಿಯುತ್ತದೆ, ಹೊದಿಕೆ ಕೀಳಲೆಂದು ಹೀಟ್ ಗನ್ (ಬಿಸಿಗಾಳಿ ಊದುವ ಯಂತ್ರ) ಹಿಡಿದು ಅದರ ಹತ್ತಿರ ಹೋಗಬೇಡಿ.

ಲಯಗಾರ ಬೆಂಗಳೂರು

ನಾನು ಆರ್ಕೆಸ್ಟ್ರಾಗಳಲ್ಲಿ ನುಡಿಸುವವನು, ನನಗೆ ಇತಿಹಾಸಕ್ಕಿಂತ ಖರ್ಚಿನ ಲೆಕ್ಕ ಮುಖ್ಯ. ನಾಲ್ಕು ಡ್ರಮ್ಮಿಗೆ ಎರಡೂ ಬದಿ ಸೇರಿ ಎಂಟು ಹೆಡ್ ಬೇಕು. ಅಲ್ಲಿ ಒಂದಕ್ಕೆ 15 ಡಾಲರ್ ಎಂದು ಕಡಿಮೆಯೇ ಹಿಡಿದರೂ ಸೆಟ್ಟಿಗೆ ಕೊಟ್ಟ ಬೆಲೆಯಷ್ಟು ಅದಕ್ಕೇ ಹೋಗುತ್ತದೆ, ಬಾಸ್ ಡ್ರಮ್ಮಿನದು ಇನ್ನೂ ದುಬಾರಿ. ಹಾಗಾಗಿ ಹೊಡೆಯುವ ಬದಿಯ ನಾಲ್ಕನ್ನು ಮಾತ್ರ ಹೊಸದು ತನ್ನಿ, ಕೆಳಗಿನವು ಹರಿದಿಲ್ಲದಿದ್ದರೆ ಹಾಗೆಯೇ ಇರಲಿ. ಆದರೆ ನಾಲ್ಕನ್ನೂ ಒಟ್ಟಿಗೆ ತರಿಸುವ ಮೊದಲು ಒಂದನ್ನು ತಂದು ಬರಿಯ ಶೆಲ್ ಮೇಲೆ ಇಟ್ಟು ನೋಡಿ. ಒತ್ತದೆಯೇ ಕುಳಿತು, ಬೆರಳಿನಿಂದ ತಿರುಗಿಸಿದರೆ ಸಲೀಸಾಗಿ ತಿರುಗಬೇಕು. ಜಪಾನಿನ ಈ ಸೆಟ್‌ಗಳಲ್ಲಿ ಹೊದಿಕೆ ದಪ್ಪವಾಗಿಯೋ ಶೆಲ್ ಸ್ವಲ್ಪ ದೊಡ್ಡದಾಗಿಯೋ ಇರುವುದುಂಟು. ಬಿಗಿಯಾಗಿ ಕೂತ ಹೆಡ್ಡಿನಲ್ಲಿ ಶ್ರುತಿ ಎಂದೂ ಸಮವಾಗುವುದಿಲ್ಲ, ಜನ ಅದಕ್ಕೆ ಅಂಚನ್ನು ಬೈಯುತ್ತಾರೆ. ಹೀಗೆ ಹಿಗ್ಗಿದ ಹಳೆಯ ಶೆಲ್‌ಗಳಿಗೆಂದೇ ಅಕ್ವೇರಿಯನ್ ಕಂಪನಿಯವರು ‘ಅಮೆರಿಕನ್ ವಿಂಟೇಜ್’ ಎಂಬ ಹೆಡ್‌ಗಳನ್ನು ಮಾಡುತ್ತಾರೆ.

ಓಹಿಯೋ ಕನ್ನಡಿಗ

ಹೇಳಿದಂತೆ ನೋಡಿದೆ. ಟಾಮ್ ಮತ್ತು ಸ್ನೇರ್ ಮೇಲೆ ಹೊಸ ಹೆಡ್ ಸಲೀಸಾಗಿ ತಿರುಗುತ್ತದೆ, ಆದರೆ ಫ್ಲೋರ್ ಟಾಮ್ ಮೇಲೆ ಹೊದಿಕೆಯ ಎರಡು ತುದಿಗಳು ಒಂದರ ಮೇಲೊಂದು ಬಂದಿರುವ ಜಾಗದಲ್ಲಿ ಮಾತ್ರ ಸಿಕ್ಕಿಕೊಳ್ಳುತ್ತದೆ. ಅಡುಗೆಮನೆಯ ಗ್ರಾನೈಟ್ ಕಟ್ಟೆಯ ಮೇಲೆ ಅದೇ ಶೆಲ್ಲನ್ನು ಕವುಚಿ, ಒಳಗೆ ಟಾರ್ಚ್ ಇಟ್ಟು ದೀಪ ಆರಿಸಿದಾಗ, ಪದರ ಕೂಡಿದ ಗೆರೆಯ ಬಳಿ ಒಂದು ಗೇಣು ಉದ್ದಕ್ಕೆ ಕೂದಲೆಳೆಯಷ್ಟು ಬೆಳಕು ಹೊರಬಂತು. ಅಲ್ಲಿಯೇ ಒಳಬಳೆಯೂ ಶೆಲ್ಲಿನಿಂದ ಬಿಟ್ಟಿದೆ, ಉಗುರು ಹೋಗುತ್ತದೆ. ಲಗ್‌ಗಳ ಚಿತ್ರ ಹಾಕಿದ್ದೇನೆ.

ಉಳಿಬಾಚಿ

ಹೀಗಾದರೆ ಈ ಒಂದು ಶೆಲ್ಲಿನ ಮಟ್ಟಿಗೆ ರೂಟರ್ ಬೇಡ ಎನ್ನುವುದಕ್ಕೆ ನನ್ನ ತಕರಾರಿಲ್ಲ. ಮೊದಲು ಬಳೆ ಬಿಟ್ಟಲ್ಲಿ ಮರದ ಅಂಟನ್ನು ತೆಳುವಾದ ತಗಡಿನ ಚೂರಿನಿಂದ ಒಳಕ್ಕೆ ತಳ್ಳಿ, ಕ್ಲಾಂಪ್ ಹಾಕಿ ರಾತ್ರಿಯಿಡೀ ಬಿಡಿ. ಅಂಟು ಒಣಗುವ ಮೊದಲೇ ಅಂಚು ಉಜ್ಜಿದರೆ ಬಳೆ ಅಲುಗಾಡಿ ಮಟ್ಟ ತಪ್ಪುತ್ತದೆ. ಆಮೇಲೆ ಅದೇ ಗ್ರಾನೈಟ್ ಮೇಲೆ 150 ನಂಬರಿನ ಸ್ಯಾಂಡ್ ಪೇಪರನ್ನು ಅಂಟಿಸಿ, ಶೆಲ್ಲನ್ನು ಭಾರ ಹಾಕದೆ ವೃತ್ತಾಕಾರವಾಗಿ ಆಡಿಸಿ, ಆಗಾಗ ಕಾಲು ಸುತ್ತು ತಿರುಗಿಸಿ ಹಿಡಿಯಿರಿ. ಬೆಳಕು ಮಾಯವಾದ ಕೂಡಲೇ ನಿಲ್ಲಿಸಿ. ಅಂಚು ಚಪ್ಪಟೆಯಾದ ಕಡೆ ಕೈಯಿಂದಲೇ ಮತ್ತೆ ದುಂಡಗೆ ಮಾಡಿದರಾಯಿತು. ಹೊದಿಕೆ ಸಿಕ್ಕಿಕೊಳ್ಳುವಲ್ಲಿ ಮೇಲಿನ ಅರ್ಧ ಇಂಚನ್ನು ಅರದಿಂದ ತೆಳುಗೊಳಿಸಿ. ಅದು ಹೂಪಿನ (ಹೆಡ್ಡನ್ನು ಒತ್ತಿ ಹಿಡಿಯುವ ಹೊರಬಳೆಯ) ಕೆಳಗೆ ಮರೆಯಾಗುತ್ತದೆ. ಮೂಗಿಗೆ ಮಾಸ್ಕ್ ಇರಲಿ.

ಆದರೆ ಅಗ್ಗದ ಸೆಟ್ಟಿನ ಕುಂದುಗಳನ್ನೆಲ್ಲ ‘ಹಳೆಯ ನಾದ’ ಎಂದು ಕಾಪಾಡುವ ವಾದವನ್ನು ನಾನು ಇನ್ನೂ ಒಪ್ಪಿಲ್ಲ. ಆ ದುಂಡು ಅಂಚು ಯಾರೋ ಕೇಳಿ ನೋಡಿ ತೀರ್ಮಾನಿಸಿದ್ದಲ್ಲ, ದಿನಕ್ಕೆ ಇಷ್ಟು ಶೆಲ್ ಮುಗಿಸಬೇಕೆಂಬ ಅವಸರದಲ್ಲಿ ಆದದ್ದು.

ಹಳೆವಾದ್ಯ

ಅವಸರದಲ್ಲಿ ಆದದ್ದೇ ಇರಬಹುದು, ಕಿವಿಗೆ ಹಿತವಾದರೆ ಉಳಿಸಿಕೊಳ್ಳುವುದರಲ್ಲಿ ತಪ್ಪೇನಿದೆ?

ಚಿತ್ರ ನೋಡಿದೆ. ಲಗ್ ಮತ್ತು ಸ್ನೇರಿನ ಸನ್ನೆ ನನ್ನ ಬಳಿ ಇರುವ ಮ್ಯಾಕ್ಸ್‌ವಿನ್ ಸೆಟ್ಟಿನವುಗಳಂತೆಯೇ ಇವೆ, ಬ್ರಾಕೆಟ್ಟೂ ಹಾಗೆಯೇ ಇದೆ. ಆದ್ದರಿಂದ ಪರ್ಲ್ ಕಾರ್ಖಾನೆಯದೆಂದು ಹೇಳಲು ಈಗ ನನಗೆ ಧೈರ್ಯ ಬಂದಿದೆ. ವರ್ಷವನ್ನು ಅರವತ್ತರ ದಶಕದ ಉತ್ತರಾರ್ಧ ಎನ್ನುವುದಕ್ಕಿಂತ ಕಿರಿದಾಗಿ ಹೇಳಲಾಗದು. ಮಾರುವಾಗ ಮಾತ್ರ ‘ಅಪರೂಪದ ಪರ್ಲ್’ ಎಂದು ಜಾಹೀರಾತು ಕೊಡಬೇಡಿ, ಇವು ಸಾವಿರಗಟ್ಟಲೆ ಬಂದಿದ್ದವು. ಅಂದಹಾಗೆ, ಬಿಡಿ ಭಾಗ ಹುಡುಕುವಾಗ ಕೆಂಟ್ ಎಂಬ ಹೆಸರು ಕಂಡರೆ ಅದೂ ಜಪಾನಿನದೆಂದು ತಿಳಿಯಬೇಡಿ. ಆ ಹೆಸರಿನ ಗಿಟಾರ್‌ಗಳು ಜಪಾನಿನಿಂದ ಬಂದವು, ಡ್ರಮ್‌ಗಳು ಮಾತ್ರ ನ್ಯೂಯಾರ್ಕ್ ರಾಜ್ಯದ ಕೆನ್ಮೋರ್‌ನಲ್ಲಿ ತಯಾರಾದವು.

ಓಹಿಯೋ ಕನ್ನಡಿಗ

ಹೊದಿಕೆಯನ್ನು ಉಳಿಸಿಕೊಳ್ಳಲು ತೀರ್ಮಾನಿಸಿದೆ. ಹೂಪ್‌ಗಳ ಕ್ರೋಮ್ ಮೇಲೆ ತುಕ್ಕಿನ ಚುಕ್ಕೆಗಳಿವೆ, ಬಾಸ್ ಡ್ರಮ್ಮಿನ ಹೂಪನ್ನು ಬಿಗಿಸುವ ಎರಡು ಟೆನ್ಷನ್ ರಾಡ್‌ಗಳೂ ಇಲ್ಲ. ಇದಕ್ಕೇನು ಮಾಡಲಿ?

ಲಯಗಾರ ಬೆಂಗಳೂರು

ತುಕ್ಕಿಗೆ ಅಲ್ಯೂಮಿನಿಯಂ ಫಾಯಿಲನ್ನು ಉಂಡೆ ಮಾಡಿ, ನೀರಿನಲ್ಲಿ ಅದ್ದಿ ಮೆಲ್ಲನೆ ಉಜ್ಜಿ. ಅದು ಕ್ರೋಮಿಗಿಂತ ಮೆದುವಾದ್ದರಿಂದ ಗೀರು ಬೀಳುವ ಭಯ ಕಡಿಮೆ. ಸ್ಕ್ರೂಗಳನ್ನು ನಿಂಬೆ ಉಪ್ಪು ಕರಗಿಸಿದ ನೀರಿನಲ್ಲಿ ಹಾಕಿಟ್ಟು, ತೊಳೆದು, ಪೂರ್ತಿ ಒಣಗಿಸಿ ಒಂದು ಹನಿ ಎಣ್ಣೆ ಬಿಡಿ. ಲಗ್ ಬಿಚ್ಚಿದಾಗ ಒಳಗೊಂದು ಸ್ಪ್ರಿಂಗ್ ಸಿಗುತ್ತದೆ, ಅದು ನುಡಿಸುವಾಗ ಝಣಗುಟ್ಟುತ್ತದೆ. ಅದರೊಳಗೆ ಸ್ವಲ್ಪ ಹತ್ತಿ ತುರುಕಿದರೆ ಸಾಕು. ರಾಡ್ ಕೊಳ್ಳುವಾಗ ಅಮೆರಿಕದಲ್ಲಿ ರೂಢಿಯಲ್ಲಿರುವ 12-24 ಅಳತೆಯ ಥ್ರೆಡ್ಡೇ (ಸ್ಕ್ರೂವಿನ ಸುರುಳಿಗೆರೆ) ಇದಕ್ಕೂ ಆಗುತ್ತದೆಂದು ಊಹಿಸಬೇಡಿ. ಇರುವ ಒಂದು ರಾಡನ್ನು ಅಂಗಡಿಗೆ ಒಯ್ದು, ಅದೇ ಅಳತೆಯದನ್ನು ಕೇಳಿ. ಹೊಸದನ್ನು ಬೆರಳಿನಲ್ಲೇ ತಿರುಗಿಸಿ ನೋಡಿ, ಎರಡು ಸುತ್ತಿನ ನಂತರ ಬಿಗಿಯಾದರೆ ಕೀ ಹಾಕಿ ಬಲವಂತ ಮಾಡದೆ ವಾಪಸ್ ತೆಗೆಯಿರಿ, ಏಕೆಂದರೆ ಒಳಗಿನ ಹಿತ್ತಾಳೆಯ ನಟ್ಟಿನ ಥ್ರೆಡ್ ಒಮ್ಮೆ ಹೋದರೆ ಆ ಲಗ್ಗೇ ಹೋದಂತೆ.